ಗುಡುಗು ಮಳೆಯಲ್ಲಿ ಅರ್ಧಾಯು ಅಳೆಯುವುದು ಹೇಗೆ?

ವಿಕಿರಣ ಮೂಲ ತರಿಸಲು ಆಗದು ಎಂದು ಅರ್ಧಾಯುವಿನ ಪ್ರಯೋಗವನ್ನು ಬಿಟ್ಟುಬಿಡಬೇಕಿಲ್ಲ. ಪುಣೆಯಲ್ಲಿ ಮೇ ತಿಂಗಳ ಸಂಜೆ ಸುರಿಯುವ ‘ವಳೀವ್’ ಮಳೆಯೇ ಅಲ್ಪಾಯು ಐಸೊಟೋಪುಗಳನ್ನು ಅಂಗಳಕ್ಕೆ ಇಳಿಸುತ್ತದೆ. ತೆಳುವಾದ ಅಭ್ರಕದ ಕಿಟಕಿಯಿರುವ ಗೈಗರ್ ಕೌಂಟರ್, ಟಿಶ್ಯೂ ಪೇಪರ್, ಗಡಿಯಾರ ಇದ್ದರೆ ಸಾಕು. ಕೌಂಟರ್ ಅನ್ನು ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕೇಳಿ ನೋಡಿ.

ಕಲ್ಲುಮಣ್ಣಿನಲ್ಲಿರುವ ಯುರೇನಿಯಂ ಸರಣಿಯಿಂದ ರೇಡಾನ್ ಅನಿಲ ಹೊರಬರುತ್ತದೆ. ಅದು ಕ್ಷಯಿಸುತ್ತಾ ಸೀಸ-214 (ಅರ್ಧಾಯು ಸುಮಾರು 27 ನಿಮಿಷ), ಅದರಿಂದ ಬಿಸ್ಮತ್-214 (ಸುಮಾರು 20 ನಿಮಿಷ) ಹುಟ್ಟುತ್ತವೆ. ಇವು ಗಾಳಿಯ ಧೂಳಿಗೆ ಅಂಟಿಕೊಂಡು ಮಳೆಹನಿಯ ಜೊತೆ ಕೆಳಗಿಳಿಯುತ್ತವೆ. 1902ರಲ್ಲಿ ಕೇಂಬ್ರಿಜ್‌ನ ಸಿ.ಟಿ.ಆರ್. ವಿಲ್ಸನ್ ಆಗತಾನೇ ಬಿದ್ದ ಮಳೆನೀರನ್ನು ಆವಿಯಾಗಿಸಿ, ಉಳಿದದ್ದರ ವಿಕಿರಣ ಸುಮಾರು ಅರ್ಧ ಗಂಟೆಯಲ್ಲಿ ಅರ್ಧಕ್ಕೆ ಇಳಿಯುವುದನ್ನು ಕಂಡಿದ್ದರು.

ಯಾವ ಮಳೆ ಎಂಬುದು ಇಲ್ಲಿ ತುಂಬಾ ಮುಖ್ಯ. ಜುಲೈನ ಜಿಟಿಜಿಟಿ ಮಳೆ ಅರಬ್ಬಿ ಸಮುದ್ರದ ಗಾಳಿ ತಂದದ್ದು. ಸಮುದ್ರದ ಮೇಲಿನ ಗಾಳಿಯಲ್ಲಿ ರೇಡಾನ್ ಬಹಳ ಕಡಿಮೆ. ಸಾಲದ್ದಕ್ಕೆ ಪುಣೆಯ ಬಸಾಲ್ಟ್ ಬಂಡೆಯಲ್ಲಿ ಬೆಂಗಳೂರಿನ ಕಡೆಯ ಗ್ರಾನೈಟ್‌ನಷ್ಟು ಯುರೇನಿಯಂ ಇಲ್ಲ. ಹಾಗಾಗಿ ಕೆಲವು ದಿನ ಒಣಹವೆ ಇದ್ದು, ನಂತರ ಬರುವ ಮೇ ಅಥವಾ ಅಕ್ಟೋಬರ್‌ನ ಗುಡುಗು ಮಳೆಗೆ ಕಾಯಿರಿ.

ಮೋಡ ಕಟ್ಟುತ್ತಿದ್ದಂತೆ ಎರಡು ಕೆಲಸ ಮುಗಿಸಿ. ಅಂಗಳದಲ್ಲಿ ನಿಂತ ಕಾರಿನ ಬಾನೆಟ್ಟನ್ನು ಚೆನ್ನಾಗಿ ಒರೆಸಿಡಿ. ಒಳಗೆ, ಅಳೆಯುವ ಜಾಗದಲ್ಲೇ ಕೌಂಟರ್ ಇಟ್ಟು 20 ನಿಮಿಷ ಎಣಿಸಿ, ನಿಮಿಷದ ಸರಾಸರಿ ಬರೆದುಕೊಳ್ಳಿ. ಇದು ಹಿನ್ನೆಲೆ ಎಣಿಕೆ.

ಮಳೆ ಬಿದ್ದು, ಮಿಂಚು ಪೂರ್ತಿ ನಿಂತ ಮೇಲೆಯೇ ಹೊರಗೆ ಹೋಗಿ. ಹತ್ತು ಹದಿನೈದು ನಿಮಿಷ ತಡವಾದರೂ ಪ್ರಯೋಗ ಕೆಡುವುದಿಲ್ಲ. ಟಿಶ್ಯೂವಿನಿಂದ ಬಾನೆಟ್ ಒರೆಸಿ, ಕಿಟಕಿಯ ಅಗಲಕ್ಕೆ ಮಡಚಿ, ತೆಳು ಪಾಲಿಥೀನ್‌ನಲ್ಲಿ ಸುತ್ತಿ. ಮಡಿಕೆ ದಪ್ಪವಾದರೆ ಕಾಗದ, ನೀರು ಎರಡೂ ಬೀಟಾ ಕಣಗಳನ್ನು ತಡೆಯುತ್ತವೆ. ಅಭ್ರಕಕ್ಕೆ ತಾಗದಂತೆ ಒಂದು ಸೆಂಟಿಮೀಟರ್ ದೂರ ಇಟ್ಟು, ಆಮೇಲೆ ಅಲುಗಿಸಲೇಬೇಡಿ.

ಈಗ ಐದೈದು ನಿಮಿಷದ ಎಣಿಕೆಯನ್ನು ಬಿಡದೆ ಎರಡು ಗಂಟೆ ಬರೆದುಕೊಳ್ಳಿ. ಪ್ರತಿ ಎಣಿಕೆಯ ಪಕ್ಕದಲ್ಲಿ ಅದರ ವರ್ಗಮೂಲವನ್ನೂ ಬರೆಯಿರಿ: 400 ಎಂದರೆ 20 ಹೆಚ್ಚು ಕಡಿಮೆ. ಒಂದೊಂದು ಪರಮಾಣು ಯಾವ ಕ್ಷಣದಲ್ಲಿ ಕ್ಷಯಿಸುತ್ತದೆ ಎಂಬುದು ಆಕಸ್ಮಿಕ. ಆದ್ದರಿಂದ ಒಂದೆರಡು ಬಿಂದು ರೇಖೆ ಬಿಟ್ಟು ಕೂತರೆ ಗಾಬರಿಯಾಗಬೇಡಿ, ಅಂಕಿ ತಿದ್ದಲೂ ಬೇಡಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಹಿನ್ನೆಲೆ ಕಳೆಯದಿದ್ದಾಗ. ಉದಾಹರಣೆಗೆ, ಹಿನ್ನೆಲೆ ನಿಮಿಷಕ್ಕೆ 25, ಮೊದಲ ಐದು ನಿಮಿಷದ ಎಣಿಕೆ 600 ಎಂದಿಟ್ಟುಕೊಳ್ಳಿ. ಹಿನ್ನೆಲೆಯ 125 ಕಳೆದರೆ ಮಳೆಯ ಪಾಲು 475. ಮೂವತ್ತೈದು ನಿಮಿಷದ ನಂತರ ಎಣಿಕೆ 362 ಆದರೆ ಮಳೆಯ ಪಾಲು 237, ಅಂದರೆ ಅರ್ಧ. ಹಿನ್ನೆಲೆ ಕಳೆಯದೆ 600 ಯಾವಾಗ 300 ಆಯಿತು ಎಂದು ನೋಡಿದರೆ ಸುಮಾರು 50 ನಿಮಿಷ ಬರುತ್ತದೆ. ಅದು ತಪ್ಪು ಉತ್ತರ.

ಕಳೆದು ಬಂದ ಅಂಕಿಗಳನ್ನು ಸೆಮಿಲಾಗ್ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ರೇಖೆ 30ರಿಂದ 40 ನಿಮಿಷದೊಳಗೆ ಅರ್ಧಕ್ಕಿಳಿದರೆ ಪ್ರಯೋಗ ಸರಿಯಾಗಿದೆ. ಸೀಸದ 27ಕ್ಕಿಂತ ಇದು ಹೆಚ್ಚೇಕೆ? ಸೀಸ ಕ್ಷಯಿಸುತ್ತಲೇ ಹೊಸ ಬಿಸ್ಮತ್ ಹುಟ್ಟಿಸುತ್ತದೆ, ಕೌಂಟರ್ ಎರಡನ್ನೂ ಎಣಿಸುತ್ತದೆ.

ಕೊನೆಗೆ, ನಲ್ಲಿ ನೀರಲ್ಲಿ ಒದ್ದೆ ಮಾಡಿದ ಇನ್ನೊಂದು ಟಿಶ್ಯೂ ಅಳೆದು ಹೋಲಿಸಿ. ಆಗಷ್ಟೇ ಎತ್ತಿದ ಬೋರ್‌ವೆಲ್ ನೀರು ಬೇಡ, ಅದರಲ್ಲೇ ರೇಡಾನ್ ಇರಬಹುದು.

ವಿಕಿರಣ ತೀರಾ ಅಲ್ಪವಾದ್ದರಿಂದ ಭಯವೇನೂ ಬೇಡ. ಕೈ ತೊಳೆದುಕೊಳ್ಳಿ. ನಾಲ್ಕು ಗಂಟೆಯ ನಂತರ ಎಣಿಕೆ ಹೆಚ್ಚುಕಡಿಮೆ ಹಿನ್ನೆಲೆಯ ಮಟ್ಟಕ್ಕೆ ಇಳಿದಿರುತ್ತದೆ; ಟಿಶ್ಯೂವನ್ನು ಮಾಮೂಲಿ ಕಸಕ್ಕೆ ಹಾಕಬಹುದು.