ಅಂತ್ಯಕಾಲದ ನೆಮ್ಮದಿಗೆ ಅಳತೆಗೋಲುಂಟೆ?

ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯ ಬಳಿ ರೈತರು ತಾವೇ ದುಡಿದು 1989ರಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಶ್ರಮಬಿಂದು ಸಾಗರವನ್ನು ವಾಚಕರಲ್ಲಿ ಹಲವರು ಬಲ್ಲರು. ಅಲ್ಲಿ ನಿಂತ ನೀರಿನ ಆಳವನ್ನು ಅಳೆಯುವುದು ಸುಲಭ. ಆದರೆ ಅದೇ ದಂಡೆಯ ಊರಿನ ಮನೆಯೊಂದರಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿರುವ ವೃದ್ಧನ ಯಾತನೆಯನ್ನು ಅಳೆಯುವ ಬಗೆ ಹೇಗೆ?

ಇಂಥವನು ತೀರಿಕೊಂಡಾಗ, ಮಕ್ಕಳೆಲ್ಲ ಬಳಿಯಿದ್ದು ಬಾಯಿಗೆ ನೀರು ಬಿಟ್ಟರು, ಪುಣ್ಯವಂತನ ಸಾವು ಎಂದು ಊರವರು ಹೇಳುವುದುಂಟು. ಅದು ಸುಳ್ಳಲ್ಲ, ಆದರೆ ಅದು ಕಂಡವರ ಮಾತು. ಹಿಂದಿನ ರಾತ್ರಿಯೆಲ್ಲ ಉಸಿರು ಸಾಲದೆ ಆತನು ಪಟ್ಟ ಭಯವು ಅದರಲ್ಲಿ ಸೇರಿರುವುದಿಲ್ಲ. ಸಾವನ್ನು ಅನುಭವಿಸಿದವನು ಮರಳಿ ಬಂದು ಸಾಕ್ಷಿ ನುಡಿಯಲಾರನು. ಈ ಅಳತೆಯ ಮೂಲ ತೊಡಕು ಇದೇ ಆಗಿದೆ.

ವಿಜ್ಞಾನಿಗಳು ಇದಕ್ಕೆ ಎರಡು ಮಾರ್ಗಗಳನ್ನು ಹಿಡಿದಿರುವರು. ಮೊದಲನೆಯದು, ಮರಣಾನಂತರ ಬಂಧುಗಳನ್ನು ವಿಚಾರಿಸುವುದು. ಅಮೆರಿಕದ ಸಿಯಾಟಲ್ ನಗರದಲ್ಲಿ ರಚಿತವಾಗಿ 2002ರಲ್ಲಿ ಪರೀಕ್ಷೆಗೊಳಪಟ್ಟ ಪ್ರಶ್ನಾವಳಿಯೊಂದರಲ್ಲಿ 31 ಪ್ರಶ್ನೆಗಳಿವೆ. ನೋವು ಹತೋಟಿಯಲ್ಲಿತ್ತೆ, ಆಪ್ತರು ಜೊತೆಯಲ್ಲಿದ್ದರೆ ಎಂಬಂಥವು ಅವು. ಆದರೆ ಬಂಧುಗಳು ಕಣ್ಣಿಗೆ ಕಾಣುವುದನ್ನು ಸರಿಯಾಗಿ ಹೇಳಬಲ್ಲರು. ರೋಗಿಯ ಒಳಗಿನ ನೋವು, ಆತಂಕ, ವಿಷಾದಗಳನ್ನು ಊಹಿಸುವಲ್ಲಿ ಅನೇಕವೇಳೆ ತಪ್ಪುವರು.

ಎರಡನೆಯದು, ರೋಗಿಯು ಜೀವಂತನಾಗಿರುವಾಗಲೇ ಆತನನ್ನು ಕೇಳುವುದು. ಕೆನಡಾದ ಎಡ್ಮಂಟನ್ ನಗರದ ವೈದ್ಯರು 1991ರಲ್ಲಿ ಪ್ರಕಟಿಸಿದ ಮಾಪಕವು ಈ ಬಗೆಯದು. ನೋವು, ಆಯಾಸ, ವಾಕರಿಕೆ, ಉಸಿರಾಟದ ಕಷ್ಟ ಮುಂತಾದ ಒಂಬತ್ತು ಬಾಧೆಗಳಿಗೆ ಈಗ ರೋಗಿಯೇ 0ಯಿಂದ 10ರವರೆಗೆ ಅಂಕ ಕೊಡುವನು. ಬೆಳಿಗ್ಗೆ ನೋವಿಗೆ 8 ಎಂದವನು ಔಷಧದ ನಂತರ 3 ಎಂದರೆ ಚಿಕಿತ್ಸೆ ಫಲಿಸಿತೆಂದು ತಿಳಿಯಬಹುದು. 8 ಎಂದೇ ಉಳಿದರೆ ಚಿಕಿತ್ಸೆಯನ್ನು ಬದಲಿಸಬೇಕು. ಇಲ್ಲಿ ಅಳತೆಯೇ ಶುಶ್ರೂಷೆಯ ಮೊದಲ ಹೆಜ್ಜೆ.

ದೇಶಗಳನ್ನೂ ಹೀಗೆ ತೂಗಿ ನೋಡಿದ್ದಾರೆ. 2021ರ ಅಂತರರಾಷ್ಟ್ರೀಯ ಅಧ್ಯಯನವೊಂದು ತಜ್ಞರ ಅಭಿಪ್ರಾಯವನ್ನು ಆಧರಿಸಿ 81 ದೇಶಗಳನ್ನು ಹೋಲಿಸಿತು. ಬ್ರಿಟನ್ನಿಗೆ ಮೊದಲನೆಯ ಸ್ಥಾನ, ಭಾರತಕ್ಕೆ 59ನೆಯದು. ಇಂಥ ಸಂಖ್ಯೆಯು ವ್ಯವಸ್ಥೆಯ ಕೊರತೆಯನ್ನು ತೋರಿಸಬಲ್ಲದೇ ಹೊರತು ಒಬ್ಬ ರೋಗಿಯ ರಾತ್ರಿಯನ್ನು ತೋರಿಸಲಾರದು.

ನೋವಿನಂತೆಯೇ ವಿಚಾರಿಸಬೇಕಾದ ಇನ್ನೊಂದು ವಿಷಯವುಂಟು: ಚಿಕಿತ್ಸೆಯು ರೋಗಿಯ ಇಚ್ಛೆಯಂತೆ ನಡೆಯಿತೆ? ಗೌರವದಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದು, ತನ್ನ ಇಚ್ಛೆಯನ್ನು ಮೊದಲೇ ಬರೆದಿಡಲು ಅವಕಾಶವಿತ್ತಿತು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಉಪಶಮನದ ಆರೈಕೆ ನೀಡುತ್ತಿವೆ.

ಆದರೆ ಮಾಪಕವನ್ನು ಬಳಸಲು ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಹಾಸಿಗೆಯ ಬಳಿ ಕುಳಿತು, "ಅಪ್ಪಾ, ಈಗ ನೋವು ಎಷ್ಟಿದೆ?" ಎಂದು ಕೇಳಿ, ಉತ್ತರವನ್ನು ಬರೆದಿಟ್ಟು ವೈದ್ಯರಿಗೆ ತಿಳಿಸುವುದು ಯಾವ ಮನೆಯಲ್ಲಿಯೂ ಸಾಧ್ಯ. ಆತನು ಉತ್ತರಿಸಬಲ್ಲವನಾಗಿರುವಾಗಲೇ ಕೇಳಬೇಕು ಎಂಬುದನ್ನು ಮಾತ್ರ ಮರೆಯಬಾರದು.