ಹಳೆಯ ಫೋಟೊದಿಂದ ನೌಕಾ ವಿಮಾನದ ಜಾಡು ಹಿಡಿಯುವುದು ಹೇಗೆ?

ಅಮೆರಿಕ ನೌಕಾಪಡೆಗಾಗಿ ತಯಾರಾದ ಡೆವಾಸ್ಟೇಟರ್ ಟಾರ್ಪಿಡೊ ವಿಮಾನಗಳು ಒಟ್ಟು 130. 1942ರ ಜೂನ್ 4ರಂದು ಮಿಡ್‌ವೇ ಕದನದಲ್ಲಿ ಹಾರ್ನೆಟ್ ನೌಕೆಯಿಂದ ಎದ್ದ ಹದಿನೈದಕ್ಕೆ ಹದಿನೈದೂ ಸಮುದ್ರದ ಪಾಲಾದವು. ಅವುಗಳಲ್ಲಿದ್ದ ಮೂವತ್ತು ಜನರಲ್ಲಿ ಬದುಕಿ ಬಂದವನು ಒಬ್ಬನೇ. ಇವತ್ತು ಯಾವ ಮ್ಯೂಸಿಯಂಗೆ ಹೋದರೂ ಇಡಿಯಾದ ಒಂದು ಅಸಲಿ ಡೆವಾಸ್ಟೇಟರ್ ನೋಡಸಿಗುವುದಿಲ್ಲ. ಬ್ರಿಟನ್ನಿನ ಬ್ಯಾರಕುಡಾದ ಕಥೆಯೂ ಅಷ್ಟೇ: ತಯಾರಾದವು 2,500ಕ್ಕೂ ಹೆಚ್ಚು, ಪೂರ್ತಿಯಾಗಿ ಉಳಿದದ್ದು ಒಂದೂ ಇಲ್ಲ. ನೆಲದ ಮೇಲೆ ಬಿದ್ದ ವಿಮಾನವನ್ನು ಹೊಲದಲ್ಲೋ ಕಾಡಲ್ಲೋ ಹುಡುಕಬಹುದು. ಹಡಗಿನಿಂದ ಹಾರುವ ವಿಮಾನ ಬೀಳುವುದೇ ನೀರಿಗೆ, ಬಿದ್ದ ಮೇಲೆ ಉಪ್ಪು ಅದನ್ನು ತಿನ್ನುತ್ತದೆ. ಹಾಗೂ ಉಳಿದದ್ದು ಯುದ್ಧ ಮುಗಿದ ಮೇಲೆ ಗುಜರಿಗೆ ಹೋಯಿತು. ಆದರೆ ಈ ಎಲ್ಲ ವಿಮಾನಗಳ ಫೋಟೊಗಳು ಬೇಕಾದಷ್ಟಿವೆ. ಹಾಗಾಗಿ ಅಪರೂಪದ ವಿಮಾನ ಹುಡುಕಬೇಕೆನ್ನುವವರು ಕೆರೆ, ಕಡಲು, ಗುಜರಿ ಅಂಗಡಿ ಅಲೆಯುವ ಮೊದಲು ಫೋಟೊ ಓದುವುದನ್ನು ಕಲಿಯಬೇಕು. ಫೋಟೊದಲ್ಲೂ ಮೊದಲು ಓದಬೇಕಾದದ್ದು ವಿಮಾನದ ಬಾಲದ ಮೇಲಿನ, ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ ಬರೆದ ಸಂಖ್ಯೆ. ಬಣ್ಣ, ಚಿತ್ರ, ಅಡಿಬರಹ ಮೂರೂ ಮೋಸ ಮಾಡಬಲ್ಲವು. ಸಂಖ್ಯೆ ಮೋಸ ಮಾಡುವುದು ಕಡಿಮೆ.

ಮೊದಲು ಫೋಟೊವನ್ನು ಕೈಗೆತ್ತಿಕೊಳ್ಳುವ ಬಗೆ. ಆಲ್ಬಮ್ಮಿಗೆ ಅಂಟಿಸಿದ ಚಿತ್ರವನ್ನು ಕಿತ್ತು ತೆಗೆಯಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ಅಕ್ಕಪಕ್ಕದ ಚಿತ್ರಗಳೂ ಅವುಗಳ ಅನುಕ್ರಮವೂ ಒಂದು ಸಾಕ್ಷ್ಯ. ಬಿಡಿ ಚಿತ್ರವಾದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊ ಮೊಹರು, ಸೆನ್ಸಾರ್ ಮುದ್ರೆ, ನೆಗೆಟಿವ್ ಸಂಖ್ಯೆ ಇರುವುದು ಅಲ್ಲೇ. ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿದ್ದರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾಗದದ ಮಟ್ಟಕ್ಕೆ ಅಡ್ಡಲಾಗಿ ಹಿಡಿಯಿರಿ; ಒತ್ತಿದ ಗೆರೆಗಳು ನೆರಳಾಗಿ ಏಳುತ್ತವೆ. ಅಂಗೈಯಗಲದ ಚಿತ್ರವಾದರೆ ಸ್ಕ್ಯಾನರ್ ಅನ್ನು 1,200 ಡಿಪಿಐಗೆ ಇಡಿ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಏನನ್ನೂ ಬರೆಯಬೇಡಿ, ಮೃದು ಪೆನ್ಸಿಲ್ ಸಾಕು.

ಎರಡನೆಯ ಕೆಲಸ ಕಾಲ ನಿರ್ಣಯ. ಅಮೆರಿಕದ ವಿಮಾನಗಳಿಗೆ ಇದು ಸುಲಭ, ಏಕೆಂದರೆ ಅವುಗಳ ನಕ್ಷತ್ರದ ಗುರುತು ಒಂದೂವರೆ ವರ್ಷದೊಳಗೆ ಮೂರು ಸಲ ಬದಲಾಯಿತು. 1942ರ ಮೇ ತಿಂಗಳವರೆಗೆ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇತ್ತು. ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ತಮ್ಮವರೇ ಗುಂಡು ಹಾರಿಸಬಾರದೆಂದು ಅದನ್ನು ತೆಗೆದರು, ಬಾಲದ ಕೆಂಪು ಬಿಳಿ ಪಟ್ಟೆಗಳನ್ನೂ ಅಳಿಸಿದರು. 1943ರ ಜೂನ್ ಕೊನೆಗೆ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು ಬಂತು. ಕೆಲವೇ ವಾರಗಳಲ್ಲಿ ಆ ಅಂಚು ನೀಲಿಯಾಯಿತು. 1947ರಲ್ಲಿ ಪಟ್ಟಿಯ ನಡುವೆ ಕೆಂಪು ಗೆರೆ ಸೇರಿತು. ಚುಕ್ಕೆಯೂ ಪಟ್ಟಿಯೂ ಇಲ್ಲದ ಬರಿಯ ನಕ್ಷತ್ರ ಕಂಡರೆ ಚಿತ್ರ ಹೆಚ್ಚುಕಡಿಮೆ 1942ರ ಮೇ ಮತ್ತು 1943ರ ಮಧ್ಯಭಾಗದ ನಡುವಿನದು. ಹೆಚ್ಚುಕಡಿಮೆ ಎಂದದ್ದು ಬೇಕೆಂದೇ: ಆದೇಶ ಹೊರಟ ದಿನವೇ ಜಗತ್ತಿನ ಮೂಲೆಮೂಲೆಯ ವಿಮಾನಗಳಿಗೆ ಬಣ್ಣ ಬಳಿದು ಮುಗಿಸಲು ಯಾರಿಂದಲೂ ಆಗದು.

ಇಲ್ಲೊಂದು ಎಡವುಗಲ್ಲಿದೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣ ಕಾಣುವುದೇ ಇಲ್ಲ. ಕೆಂಪು ಕಪ್ಪಾಗಿ ಮೂಡುತ್ತದೆ, ಹಳದಿ ಮಬ್ಬಾಗುತ್ತದೆ, ನೀಲಿ ತೆಳ್ಳಗೆ ಬೆಳ್ಳಗಾಗುತ್ತದೆ. ಬ್ರಿಟಿಷ್ ವಿಮಾನಗಳ ವೃತ್ತಾಕಾರದ ಗುರುತಿನಲ್ಲಿ ನೀಲಿ ಹೊರಬಳೆ ಮಾಸಿ, ನಡುವಿನ ಕೆಂಪು ಮಸಿಯಂತೆ ಕಾಣುವುದು ಇದರಿಂದಲೇ. ಯುದ್ಧಕ್ಕೆ ಮುಂಚಿನ ಅಮೆರಿಕದ ನೌಕಾ ವಿಮಾನಗಳ ರೆಕ್ಕೆಯ ಮೇಲ್ಭಾಗ ಗಾಢ ಹಳದಿ, ಬಾಲದ ಬಣ್ಣ ಹಡಗಿಗೊಂದು: ಲೆಕ್ಸಿಂಗ್ಟನ್‌ಗೆ ಹಳದಿ, ಸರಟೋಗಕ್ಕೆ ಬಿಳಿ, ಯಾರ್ಕ್‌ಟೌನ್‌ಗೆ ಕೆಂಪು, ಎಂಟರ್‌ಪ್ರೈಸ್‌ಗೆ ನೀಲಿ. ಕಪ್ಪು ಬಿಳುಪಿನಲ್ಲಿ ಇವುಗಳನ್ನು ಬೇರ್ಪಡಿಸುತ್ತೇನೆಂದು ಹೊರಟವರು ಫಿಲ್ಮ್ ಯಾವುದೆಂದು ತಿಳಿಯದೆ ಬಾಯಿ ಬಿಡದಿರುವುದು ಲೇಸು. ಈಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಹಳೆಯ ಚಿತ್ರಗಳು ಎಲ್ಲೆಂದರಲ್ಲಿ ಹರಿದಾಡುತ್ತಿವೆ. ನೋಡಲು ಚೆಂದ, ಸಾಕ್ಷ್ಯವಾಗಿ ಸೊನ್ನೆ.

ಸೊನ್ನೆಯೆಂದಾಗ ನೆನಪಾಗುವುದು ಮೂರನೆಯ ಕೆಲಸ, ಸಂಖ್ಯೆ ಓದುವುದು. ಅಮೆರಿಕದ ನೌಕಾಪಡೆ ಪ್ರತಿ ವಿಮಾನಕ್ಕೂ ಬ್ಯೂರೊ ನಂಬರ್ ಎಂಬ ಗುರುತು ಕೊಡುತ್ತದೆ. ಮೂವತ್ತರ ದಶಕದಲ್ಲಿ ಶುರುವಾದ ಸರಣಿಗೆ ನಾಲ್ಕು ಅಂಕಿ, 1940ರಲ್ಲಿ 00001ರಿಂದ ಆರಂಭವಾದ ಸರಣಿಗೆ ಐದು. ಎಂದರೆ 2106 ಒಂದು ವಿಮಾನ, 02106 ಬೇರೆಯೇ ವಿಮಾನ. ಎಕ್ಸೆಲ್ ಪಟ್ಟಿಯಲ್ಲಿ ಬರೆದಿಟ್ಟರೆ ಅದು ಮುಂದಿನ ಸೊನ್ನೆಯನ್ನು ತಾನಾಗಿಯೇ ನುಂಗುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡಿ. ವಿಮಾನದ ಪಕ್ಕೆಯ ಮೇಲೆ ದೊಡ್ಡದಾಗಿ ಬರೆದ ತುಕಡಿಯ ಸಂಖ್ಯೆ ಇದಲ್ಲ. ಅದು ಬಸ್ಸಿನ ರೂಟ್ ನಂಬರಿನ ಹಾಗೆ, ಇವತ್ತು ಈ ವಿಮಾನಕ್ಕೆ, ನಾಳೆ ಇನ್ನೊಂದಕ್ಕೆ.

ಮೊಬೈಲಿನ ಕೃತಕ ಬುದ್ಧಿಮತ್ತೆಯ ಆ್ಯಪ್ ಮಸುಕು ಅಂಕಿಯನ್ನು ಸ್ಪಷ್ಟ ಮಾಡಿಕೊಡುವಾಗ ಭೂತಗನ್ನಡಿ ಹಿಡಿದು ಕಣ್ಣು ಕೆಡಿಸಿಕೊಳ್ಳುವುದೇಕೆ ಎಂದು ಕೇಳಬಹುದು. ಆ ಆ್ಯಪ್ ಸ್ಪಷ್ಟ ಮಾಡುವುದಿಲ್ಲ, ಊಹಿಸಿ ಬರೆಯುತ್ತದೆ. 3 ಮತ್ತು 8ರ ನಡುವೆ ನಿಮಗೆ ಅನುಮಾನವಿದ್ದರೆ ಅದಕ್ಕೆ ಅನುಮಾನವೇ ಬಾರದು, ಒಂದನ್ನು ಆರಿಸಿ ಅಚ್ಚುಕಟ್ಟಾಗಿ ಬಿಡಿಸಿಬಿಡುತ್ತದೆ. ಬೆಳಕು, ಕಪ್ಪು ಬಿಳುಪಿನ ಅಂತರ ಹೆಚ್ಚುಕಡಿಮೆ ಮಾಡಿ ನೋಡುವುದಕ್ಕೆ ಅಡ್ಡಿಯಿಲ್ಲ. ಅದರಾಚೆಗಿನದು ಬೇಡ. ಓದಲಾಗದ ಅಂಕಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸಾಧ್ಯವಿರುವ ಸಂಖ್ಯೆಗಳನ್ನೆಲ್ಲ ಪಟ್ಟಿ ಮಾಡಿ, ದಾಖಲೆ ನೋಡಿ ಒಂದೊಂದನ್ನೇ ಹೊಡೆದುಹಾಕಿ.

ದಾಖಲೆ ಹುಡುಕುವುದು ನಾಲ್ಕನೆಯ ಕೆಲಸ. ಅಮೆರಿಕ ನೌಕಾಪಡೆಯ ಎರಡನೆಯ ಮಹಾಯುದ್ಧದ ಚಿತ್ರಗಳು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘80-ಜಿ’ ಎಂಬ ಗುಂಪಿನಲ್ಲಿವೆ. ಬ್ರಿಟಿಷರವು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ‘ಎ’ ಸರಣಿಯಲ್ಲಿವೆ. ನಿಮ್ಮ ಚಿತ್ರದ ಹಿಂಬದಿಯಲ್ಲಿ ಈ ಬಗೆಯ ಸಂಖ್ಯೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಆದರೂ ಸರ್ಕಾರಿ ಅಡಿಬರಹವೆಂದು ಕಣ್ಣು ಮುಚ್ಚಿ ನಂಬಬೇಡಿ. ಯುದ್ಧಕಾಲದ ಸೆನ್ಸಾರಿನವರು ರೇಡಾರ್ ಆಂಟೆನಾಗಳನ್ನು ಕೆರೆದು ಅಳಿಸಿದ್ದುಂಟು, ಹಡಗಿನ ಹೆಸರು ಮರೆಮಾಚಿದ್ದುಂಟು. ಅಡಿಬರಹದ ದಿನಾಂಕ ಚಿತ್ರ ತೆಗೆದ ದಿನದ್ದೋ ಬಿಡುಗಡೆ ಮಾಡಿದ ದಿನದ್ದೋ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು.

ಹೀಗೆ ಸಂಖ್ಯೆ ಹಿಡಿದು ಹೋದರೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅದೇ 2106 ಸಾಕ್ಷಿ. ಅದೊಂದು ಡಾಂಟ್‌ಲೆಸ್ ಬಾಂಬರ್. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್‌ನಲ್ಲಿತ್ತು. ಮರುವರ್ಷ ಮಿಡ್‌ವೇಯಲ್ಲಿ ಹೋರಾಡಿ, 219 ಗುಂಡಿನ ತೂತುಗಳೊಂದಿಗೆ ಮರಳಿತು. ತೇಪೆ ಹಾಕಿಸಿಕೊಂಡು ತರಬೇತಿಗೆ ಹೋಯಿತು. ಶಿಕಾಗೊ ಬಳಿಯ ಮಿಶಿಗನ್ ಸರೋವರದಲ್ಲಿ ವುಲ್ವರಿನ್, ಸೇಬಲ್ ಎಂಬ ಎರಡು ಹಳೆಯ ಚಕ್ರದ ಸ್ಟೀಮರುಗಳ ಮೇಲೆ ವಿಮಾನ ಇಳಿಯುವ ಅಟ್ಟ ಕಟ್ಟಿ, ಹಡಗಿನ ಮೇಲೆ ಇಳಿಯುವುದನ್ನು 17,000ಕ್ಕೂ ಹೆಚ್ಚು ಪೈಲಟ್‌ಗಳಿಗೆ ಕಲಿಸಿದರು. ಕಲಿಯುವವರ ಕೈಯಲ್ಲಿ ನೂರಕ್ಕೂ ಹೆಚ್ಚು ವಿಮಾನ ಮುಳುಗಿದವು. 1943ರ ಜೂನ್‌ನಲ್ಲಿ 2106 ಕೂಡ ಮುಳುಗಿತು. ಸಿಹಿನೀರು, ಕೊರೆಯುವ ಚಳಿ, ಕತ್ತಲು: ಅಲ್ಯುಮಿನಿಯಂ ಉಳಿಯಲು ಇದಕ್ಕಿಂತ ಒಳ್ಳೆಯ ಉಗ್ರಾಣ ಬೇಕಿಲ್ಲ. 1994ರಲ್ಲಿ ಮೇಲೆತ್ತಿದಾಗ ಅದು ಮಿಡ್‌ವೇಯಲ್ಲಿ ಕಾದಾಡಿದ ವಿಮಾನವೆಂದು ಹೇಳಿದ್ದು ಸಂಖ್ಯೆ. ಅದಿಲ್ಲದಿದ್ದರೆ ಸರೋವರದಿಂದ ಬಂದ ಹತ್ತಾರು ಡಾಂಟ್‌ಲೆಸ್‌ಗಳಲ್ಲಿ ಅದೂ ಒಂದಾಗುತ್ತಿತ್ತು.

ಐದನೆಯ ಕೆಲಸ, ಸಿಕ್ಕ ವಿಮಾನವನ್ನು ಫೋಟೊಕ್ಕೆ ಹೊಂದಿಸಿ ಪರೀಕ್ಷಿಸುವುದು. ಇಲ್ಲಿ ನನ್ನ ವಾದಕ್ಕೇ ಒಂದು ಗಟ್ಟಿ ಆಕ್ಷೇಪವಿದೆ. ಸಂಖ್ಯೆಯ ತಗಡನ್ನು ಕಳಚಿ ಬೇರೆ ವಿಮಾನಕ್ಕೆ ಜಡಿಯಬಹುದು, ಮೂರು ಅವಶೇಷ ಸೇರಿಸಿ ಒಂದು ವಿಮಾನ ಕಟ್ಟಬಹುದು, ಗೇಟಿನ ಮುಂದೆ ಕಂಬದ ಮೇಲೆ ನಿಲ್ಲಿಸಿದ ವಿಮಾನಕ್ಕೆ ಬಣ್ಣ ಬಳಿಯುವವರು ಹಳೆಯ ಸಂಖ್ಯೆ ಬಿಟ್ಟು ಹೆಸರಾದ ಇನ್ನೊಂದನ್ನು ಬರೆಯಬಹುದು. ಎಲ್ಲವೂ ನಿಜ. ಅದಕ್ಕೇ ಸಂಖ್ಯೆಯನ್ನು ಒಂದೇ ಕಡೆ ಓದಿ ನಿಲ್ಲಿಸಬಾರದು. ಚಾಲಕನ ಗೂಡು, ಚಕ್ರ ಮಡಚುವ ಗೂಡು, ಬಿಡಿಭಾಗಗಳ ಒಳಮೈ, ಕೊನೆಗೆ ಬಣ್ಣದ ಪದರಗಳು, ಇವೆಲ್ಲ ಒಂದೇ ಮಾತು ಹೇಳಬೇಕು. ಇಂಗ್ಲೆಂಡಿನ ಯೊವಿಲ್ಟನ್‌ನಲ್ಲಿರುವ ಫ್ಲೀಟ್ ಏರ್ ಆರ್ಮ್ ಮ್ಯೂಸಿಯಂನಲ್ಲಿ ಕೆಡಿ431 ಎಂಬ ಸಂಖ್ಯೆಯ ಕಾರ್ಸೇರ್ ಯುದ್ಧವಿಮಾನ ಇದೆ. ಅರವತ್ತರ ದಶಕದಲ್ಲಿ ಪ್ರದರ್ಶನಕ್ಕೆಂದು ಅದಕ್ಕೆ ಹೊಸ ಬಣ್ಣ ಬಳಿದಿದ್ದರು. ಮುಂದೆ ಮ್ಯೂಸಿಯಂನವರು ಆ ಪದರವನ್ನು ಅಂಗುಲ ಅಂಗುಲವಾಗಿ, ಅಡಿಯ ಬಣ್ಣ ಕೀಳದಂತೆ ಕೆರೆದರು. ಕೆಳಗೆ 1944ರಲ್ಲಿ ಕಾರ್ಖಾನೆಯಲ್ಲಿ ಬಳಿದ ಬಣ್ಣ, ಮೂಲ ಗುರುತುಗಳು ಹಾಗೇ ಇದ್ದವು. ಥಳಥಳಿಸುವ ಹೊಸ ಬಣ್ಣ ಕಂಡರೆ ಖುಷಿಪಡುವ ಮೊದಲು ಅದರ ಅಡಿಯಲ್ಲಿ ಏನಿದೆಯೆಂದು ಕೇಳುವುದನ್ನು ಆ ಕಾರ್ಸೇರ್ ಕಲಿಸುತ್ತದೆ.

ನಮ್ಮ ದೇಶದಲ್ಲಿ ಈ ಅಭ್ಯಾಸಕ್ಕೆ ಗೋವಾದ ಬೊಗ್ಮಾಲೊ ಬಳಿಯ ನೌಕಾ ವಾಯುಯಾನ ಮ್ಯೂಸಿಯಂ ಒಳ್ಳೆಯ ಜಾಗ. ಅಲ್ಲಿನ ಶಾರ್ಟ್ ಸೀಲ್ಯಾಂಡ್ ಎಂಬ ಪುಟ್ಟ ಉಭಯಚರ ವಿಮಾನದ ಮುಂದೆ ಹೆಚ್ಚಿನವರು ನಿಲ್ಲುವುದಿಲ್ಲ. ತಯಾರಾದದ್ದೇ 25, ಅದರಲ್ಲಿ 10 ನಮ್ಮ ನೌಕಾಪಡೆಗೆ ಬಂದವು, ಜಗತ್ತಿನಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ವಿಕ್ರಾಂತ್ ನೌಕೆಯಿಂದ ಹಾರಿದ ಸೀ ಹಾಕ್ ವಿಮಾನಗಳಲ್ಲಿ ಕೆಲವು ಬ್ರಿಟನ್ನಿನಿಂದ, ಕೆಲವು ಪಶ್ಚಿಮ ಜರ್ಮನಿಯಿಂದ ಬಂದವು. ಅಲ್ಲೇ ಇರುವ ಸೂಪರ್ ಕಾನ್‌ಸ್ಟಲೇಶನ್ ಏರ್ ಇಂಡಿಯಾದಲ್ಲಿ, ಆಮೇಲೆ ವಾಯುಪಡೆಯಲ್ಲಿ, ಕೊನೆಗೆ ನೌಕಾಪಡೆಯಲ್ಲಿ ಹಾರಿತು. ಒಂದೇ ಒಡಲಿಗೆ ಮೂರು ಸಂಖ್ಯೆ. ಒಂದನ್ನೇ ಹಿಡಿದರೆ ಜಾಡು ಅರ್ಧಕ್ಕೇ ಕಡಿದುಹೋಗುತ್ತದೆ. ಕಾರವಾರದ ಕಡಲತೀರದಲ್ಲಿ ಚಪಲ್ ನೌಕೆಯ ಜೊತೆಗಿರುವ ಟುಪೊಲೆವ್-142 ವಿಮಾನ ನಮಗೆ ಇನ್ನೂ ಹತ್ತಿರ.

ಬೆಂಗಳೂರಿನವರಿಗೆ ಇನ್ನೊಂದು ಸುಳಿವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಚ್‌ಎಎಲ್ ಕಾರ್ಖಾನೆಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲಿನಾ ಹಾರುದೋಣಿಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ಆ ಕಾಲದಲ್ಲಿ ಕಾರ್ಖಾನೆಯಲ್ಲಿದ್ದವರ ಮನೆಯ ಟ್ರಂಕಿನಲ್ಲಿ ಕೆರೆ, ವಿಮಾನ, ನಾಲ್ಕು ಜನ ನಿಂತ ಚಿತ್ರ ಸಿಕ್ಕರೆ ಮುಖಗಳ ಜೊತೆಗೆ ಬಾಲವನ್ನೂ ನೋಡಿ. ಫೋಟೊದಲ್ಲಿರುವವರ ಹೆಸರು ಬಲ್ಲ ಹಿರಿಯರು ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ, ಕಾರ್ಖಾನೆಯ ಯಾವ ವಿಭಾಗ, ಯಾವ ವರ್ಷ ಎಂಬುದನ್ನೂ ಸೇರಿಸಿ.

ಕೊನೆಯದು ಕಾನೂನು. ನೀರಿನಡಿ ಕಂಡದ್ದು ಕಂಡವರದ್ದಲ್ಲ. ಮುಳುಗಿದ ತನ್ನ ಸೇನಾ ವಿಮಾನಗಳ ಒಡೆತನವನ್ನು ಅಮೆರಿಕ 2004ರ ಕಾಯ್ದೆಯಂತೆ ಬಿಟ್ಟುಕೊಟ್ಟಿಲ್ಲ. ಬ್ರಿಟನ್ನಿನಲ್ಲಿ 1986ರ ಕಾಯ್ದೆ ಇದೆ. ಎಷ್ಟೋ ಅವಶೇಷಗಳೊಳಗೆ ಯೋಧರ ಅಸ್ಥಿಗಳಿವೆ. ಹಾಗಾದರೆ ಕೊಳೆಯಲು ಬಿಡಬೇಕೇ ಎಂಬ ಸಿಟ್ಟಿನಲ್ಲಿ ಅರ್ಥವಿಲ್ಲದಿಲ್ಲ. ಆದರೆ ನೀರಿನಿಂದೆತ್ತಿದ ಕ್ಷಣದಿಂದ ಲೋಹಕ್ಕೆ ಗಾಳಿ ತಗುಲಿ ಸವೆತ ಜೋರಾಗುತ್ತದೆ. ವರ್ಷಗಟ್ಟಲೆ ಶುಶ್ರೂಷೆಗೆ ಹಣ, ಜಾಗ ಇಲ್ಲದೆ ಎತ್ತುವುದೆಂದರೆ ಕೊಳೆಯುವ ಜಾಗ ಬದಲಾಯಿಸಿದಂತೆ. 2018ರಲ್ಲಿ ಇಂಗ್ಲೆಂಡಿನ ಸೊಲೆಂಟ್ ಜಲಸಂಧಿಯಲ್ಲಿ ವಿದ್ಯುತ್ ಕೇಬಲ್ ಹಾಸಲು ಸಮೀಕ್ಷೆ ಮಾಡುವಾಗ ಒಂದು ಬ್ಯಾರಕುಡಾ ಸಿಕ್ಕಿತು. ಪುರಾತತ್ವ ತಜ್ಞರನ್ನು ಕರೆಸಿ, ಮರುವರ್ಷ ಹೂಳು ತೆಗೆದು ಎತ್ತಿ ಯೊವಿಲ್ಟನ್‌ಗೆ ಕಳಿಸಿದರು. ಅಲ್ಲಿ ತುಂಡು ತುಂಡು ಸೇರಿಸಿ ಒಂದು ಬ್ಯಾರಕುಡಾ ಕಟ್ಟುವ ಕೆಲಸ ಮೊದಲೇ ನಡೆದಿತ್ತು. ನಿಮಗೆ ಏನಾದರೂ ಕಂಡರೂ ಮುಟ್ಟದೆ, ಜಾಗ ಗುರುತಿಸಿ, ಚಿತ್ರ ತೆಗೆದು ಅಂಥ ಮ್ಯೂಸಿಯಂಗೆ ಬರೆಯಿರಿ. ಪತ್ರದ ಜೊತೆ ಹಳೆಯ ಫೋಟೊದ ಎರಡೂ ಬದಿಯ ಸ್ಕ್ಯಾನ್ ಇರಲಿ. ಅಸಲಿ ಪ್ರತಿ ಮನೆಯಲ್ಲೇ ಇರಲಿ.