ಬರಹದ ಬಾಳಿಕೆ ಮತ್ತು ಮುಕ್ತ ಕಡತಸ್ವರೂಪ

ತಾಳೆಗರಿ ಅಳಿಯದೆ ಉಳಿದ ಮಾತ್ರಕ್ಕೆ ಬರಹ ಉಳಿಯಿತೆನ್ನಲಾಗದು. ಅದರ ಲಿಪಿಯನ್ನು ಓದಬಲ್ಲವರೂ ಉಳಿದಿರಬೇಕು. ಗಣಕಯಂತ್ರದ ಕಡತಕ್ಕೂ ಈ ಮಾತು ಸಲ್ಲುತ್ತದೆ. ಕಡತದೊಳಗೆ ಅಕ್ಷರ, ಶೀರ್ಷಿಕೆ, ಕೋಷ್ಟಕಗಳನ್ನು ಅಡಕಗೊಳಿಸುವ ಕ್ರಮಕ್ಕೆ ಫಾರ್ಮ್ಯಾಟ್ ಎಂದು ಹೆಸರು. ಆ ಕ್ರಮವು ಒಂದು ಸಂಸ್ಥೆಯ ಗುಟ್ಟಾಗಿದ್ದರೆ, ಅದರ ತಂತ್ರಾಂಶವಿಲ್ಲದೆಡೆ ಬರಹವು ಮೂಕವಾಗುತ್ತದೆ.

ಈ ತೊಡಕಿನ ಪರಿಹಾರಕ್ಕಾಗಿ ರೂಪುಗೊಂಡುದೇ ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್, ಸಂಕ್ಷೇಪವಾಗಿ ಓಡಿಎಫ್. 2005ರಲ್ಲಿ ಓಯಾಸಿಸ್ ಸಂಸ್ಥೆಯೂ 2006ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೂ ಇದನ್ನು ಅಂಗೀಕರಿಸಿದುವು. ಇದರ ನಿಯಮಗಳು ಬಹಿರಂಗವಾಗಿವೆ. ಓಡಿಟಿ ಎಂಬ ಇದರ ಬರಹದ ಕಡತವು ವಸ್ತುತಃ ಒಂದು ಜಿಪ್ ಗಂಟು. ಬಿಚ್ಚಿದರೆ ಒಳಗಿನ ಪಠ್ಯವನ್ನು ಯಾರೂ ಓದಬಹುದು.

ಬರಹಗಳು ಈಗ ಮೇಜಿನ ಯಂತ್ರವನ್ನು ಬಿಟ್ಟು ದೂರದ ಕ್ಲೌಡ್ ಭಂಡಾರಗಳನ್ನು ಸೇರುತ್ತಿವೆ. ಅಲ್ಲಿ ಓಡಿಎಫ್‌ಗೆ ದೊರೆಯುವ ಮನ್ನಣೆ ಎರಡು ಬಗೆಯದು. ನೆಕ್ಸ್ಟ್‌ಕ್ಲೌಡ್ ಭಂಡಾರದೊಡನೆ ಕೂಡುವ ಕೊಲಾಬೊರಾ ಆನ್‌ಲೈನ್ ಮೂಲ ಕಡತವನ್ನೇ ತೆರೆದು, ತಿದ್ದಿದ ಮೇಲೆ ಅದೇ ರೂಪದಲ್ಲಿ ಉಳಿಸುತ್ತದೆ. ಗೂಗಲ್ ಡಾಕ್ಸ್ ಅದನ್ನು ತನ್ನ ರೂಪಕ್ಕೆ ಪರಿವರ್ತಿಸಿಕೊಂಡು ತಿದ್ದಗೊಡುತ್ತದೆ. ಮರಳಿ ಓಡಿಟಿಯಾಗಿ ಇಳಿಸಿಕೊಳ್ಳುವ ಹೊಣೆ ಬರೆದವರದು. ಹೀಗೆ ರೂಪಾಂತರಗೊಳ್ಳುವಾಗ ಕೋಷ್ಟಕ, ಪುಟವಿನ್ಯಾಸಗಳು ಕೆಡುವುದುಂಟು.

ಆದುದರಿಂದ ವಿದ್ಯಾಸಂಸ್ಥೆಗಳು ತಮ್ಮ ದಾಖಲೆಗಳನ್ನೂ ಗ್ರಂಥಗಳನ್ನೂ ಇಂಥ ಭಂಡಾರಕ್ಕೆ ಒಪ್ಪಿಸುವ ಮುನ್ನ, ಅವು ಯಾವ ರೂಪದಲ್ಲಿ ಹೊರಬರುತ್ತವೆ ಎಂಬುದನ್ನು ವಿಚಾರಿಸುವುದು ವಿವೇಕ. ಇಟ್ಟುದನ್ನು ಮರಳಿ ಪಡೆಯಬಲ್ಲುದೇ ನಿಜವಾದ ಭಂಡಾರ.